ಮಗಳ ಗದ್ದೆಗೆ ಬಂದ ಬಂದೂಕುಗಳು

ನಾನು ಮದುವೆಯಾಗಿ ಸೊರಬದ ಕಡೆಗೆ ಬಂದ ವರ್ಷವೇ ನಮ್ಮ ಗದ್ದೆಗೆ ಕಾಡುಹಂದಿ ನುಗ್ಗಿದವು. ಐವತ್ತರ ದಶಕದ ಕೊನೆ. ಮೈಸೂರು ರಾಜ್ಯ ದೊಡ್ಡದಾಗಿ ಒಂದೆರಡು ವರ್ಷವಾಗಿತ್ತು ಅಷ್ಟೆ. ಭತ್ತ ಹಾಲುಗಟ್ಟುವ ಹೊತ್ತು. ಬೆಳಿಗ್ಗೆ ಎದ್ದು ನೋಡಿದರೆ ಹಳ್ಳದ ಬದಿಯ ಎರಡು ಗದ್ದೆಗಳಲ್ಲಿ ಪೈರೆಲ್ಲ ಮಲಗಿಬಿಟ್ಟಿತ್ತು. ಮದುವೆಮನೆಯ ಮಂದಿ ರಾತ್ರಿಯೆಲ್ಲ ಅಲ್ಲೇ ಮಲಗಿ ಹೊರಳಾಡಿ ಎದ್ದುಹೋದ ಹಾಗೆ ಕಾಣುತ್ತಿತ್ತು. ಅತ್ತೆ ಬದುವಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು ಹಂದಿಗಳಿಗೆ ಅವುಗಳ ವಂಶವನ್ನೆಲ್ಲ ನೆನಪು ಮಾಡಿಕೊಟ್ಟರು. ಮಾವನವರು ಬಗ್ಗಿ ನಾಲ್ಕು ತೆನೆ ಎತ್ತಿ ನಿಲ್ಲಿಸಲು ನೋಡಿದರು. ಅವು ನಿಲ್ಲಲಿಲ್ಲ.

ನಮ್ಮ ಊರು ಹೊಸಬಾಳೆಯಿಂದ ನಡೆದೇ ಹೋಗಬಹುದಾದಷ್ಟು ದೂರ. ಮನೆಯ ಮುಂದೆ ಕಣ, ಕಣದಾಚೆ ಗದ್ದೆ, ಗದ್ದೆ ಮುಗಿದಲ್ಲಿ ಕೆರೆಯ ಏರಿ. ಕೆರೆ ದೊಡ್ಡದಲ್ಲ. ಆದರೆ ಮಳೆಗಾಲ ಶುರುವಾಯಿತೆಂದರೆ ನೀರೊಳಗೆ ನಿಂತ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಕೊಕ್ಕರೆಗಳು ಬಂದು ಗೂಡು ಕಟ್ಟುತ್ತಿದ್ದವು. ಗುಡವಿಯ ಕೆರೆಯಲ್ಲಿ ಜಾಗ ಸಾಲದೆ ಇಲ್ಲಿಗೆ ಬರುತ್ತವೆ ಎಂದು ಅತ್ತೆ ಹೇಳುತ್ತಿದ್ದರು, ನೆಂಟರಮನೆಯಲ್ಲಿ ಹಾಸಿಗೆ ಸಾಲದೆ ಪಕ್ಕದ ಮನೆಗೆ ಮಲಗಲು ಕಳಿಸಿದವರ ಬಗ್ಗೆ ಹೇಳುವ ಹಾಗೆ. ಹಕ್ಕಿಯ ಹಿಕ್ಕೆ ಬಿದ್ದ ಕೆರೆಯ ನೀರು ಗದ್ದೆಗೆ ಬಂದರೆ ಬೇರೆ ಗೊಬ್ಬರವೇ ಬೇಡ ಎನ್ನುವುದು ಊರಿನ ಲೆಕ್ಕ. ಹಾಗಾಗಿ ಆ ಹಕ್ಕಿಗಳ ಮೇಲೆ ಯಾರೂ ಕಲ್ಲೆಸೆಯುತ್ತಿರಲಿಲ್ಲ. ಹಂದಿಗಳ ಮೇಲೆ ಮಾತ್ರ ಎಲ್ಲರಿಗೂ ಸಿಟ್ಟು.

ನನ್ನ ತವರು ಶಿಕಾರಿಪುರದ ಪೇಟೆ. ಅಪ್ಪನಿಗೆ ಕಾಳುಕಡಿ ವ್ಯಾಪಾರ. ತಾಳಗುಂದದ ಕಡೆಯ ರೈತರ ಗಾಡಿಗಳು ನಮ್ಮ ಅಂಗಡಿಯ ಮುಂದೆ ನಿಲ್ಲುತ್ತಿದ್ದವು. ಎರಡೂ ಊರಿನ ನಡುವೆ ಒಂದು ಹೊತ್ತಿನ ಬಸ್ ಪ್ರಯಾಣ ಅಷ್ಟೆ, ಆದರೆ ಮಾತು ಬೇರೆ, ಊಟ ಬೇರೆ. ನಾನು ‘ಹೊಂಟೇನ್ರಿ’ ಅಂದರೆ ಇಲ್ಲಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುವರು. ಅವರು ‘ಎಂತಕ್ಕೆ’ ಅಂದರೆ ನನಗೆ ಯಾರೋ ಜಗಳಕ್ಕೆ ಬಂದ ಹಾಗೆ ಅನಿಸುವುದು. ನಾನು ಬಡಿದ ಜೋಳದ ರೊಟ್ಟಿಯನ್ನು ಅತ್ತೆ ಬೆಳಕಿಗೆ ಹಿಡಿದು ನೋಡಿ, “ಚೆನ್ನಾಗಿದೆ, ಆದ್ರೆ ಇದನ್ನ ತಿನ್ನಕ್ಕೆ ಹಲ್ಲು ಗಟ್ಟಿ ಇರ್ಬೇಕು” ಎಂದಿದ್ದರು. ಅವರ ಮೆಚ್ಚುಗೆಯೆಲ್ಲ ಹೀಗೆ ಅರ್ಧ ದಾರಿಯಲ್ಲಿ ತಿರುಗಿಕೊಳ್ಳುತ್ತಿತ್ತು.

ಹಂದಿ ನುಗ್ಗಿದ ಎರಡು ದಿನಕ್ಕೆ ನನ್ನಪ್ಪ ನವರಾತ್ರಿಯ ನೆಪದಲ್ಲಿ ನನ್ನನ್ನು ನೋಡಲು ಬಂದ. ಊಟಕ್ಕೆ ಕೂತಾಗ ಮಾವನವರು ಗದ್ದೆಯ ಸಂಕಟ ಹೇಳಿಕೊಂಡರು.

“ಅಷ್ಟ ತಾನ್ರೀ?” ಅಂದ ಅಪ್ಪ. “ನಮ್ಮ ಅಕ್ಕಿ ಗಿರಣಿ ಯಜಮಾನ್ರು ಅದಾರಲ್ಲ, ಭಾರಿ ಶಿಕಾರಿ ಮನುಷ್ಯ. ಲೈಸೆನ್ಸ್ ಐತಿ, ಜೀಪ್ ಐತಿ. ಒಂದ ಮಾತು ಹೇಳ್ತೀನಿ. ಬಂದು ನಾಕು ಹಂದಿ ಹೊಡದ್ರ ಉಳಿದಾವು ಈ ಕಡಿ ತಲಿ ಹಾಕೂದಿಲ್ಲ.”

ಹೀಗೆ, ಬಂದೂಕಿನವರು ನಮ್ಮ ಗದ್ದೆಗೆ ಬಂದದ್ದು ನನ್ನ ತವರಿನ ಬಾಯಿಂದಲೇ. ಮುಂದೆ ನಡೆದದ್ದನ್ನು ಹೇಳುವಾಗಲೆಲ್ಲ ನಾನು ಈ ಮಾತನ್ನು ಮುಚ್ಚಿಡುವುದಿಲ್ಲ.

ಮುಂದಿನ ಭಾನುವಾರವೇ ಜೀಪು ಬಂತು. ಗಿರಣಿ ಯಜಮಾನರು ಆಜಾನುಬಾಹು, ದಪ್ಪ ಮೀಸೆ, ಖಾಕಿ ಅಂಗಿ, ಹಣೆಯ ತುಂಬ ವಿಭೂತಿ. ನಾನು ಚಿಕ್ಕವಳಿದ್ದಾಗ ಅಂಗಡಿಗೆ ಬಂದರೆ ನನ್ನ ಅಂಗೈಗೆ ಬೆಲ್ಲದ ಚೂರು ಹಾಕುತ್ತಿದ್ದವರು. ನಾನು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದದ್ದು. ಜೊತೆಗೆ ಟೋಪಿ ಹಾಕಿಕೊಂಡ ಒಬ್ಬ ವಕೀಲರು, ಮತ್ತೆ ಜೀಪು ಓಡಿಸುವವನು. ಅವತ್ತು ಸಂಜೆಯೊಳಗೆ ಒಂದು ದೊಡ್ಡ ಹಂದಿ ಹೊಡೆದರು. ನಮ್ಮ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ. ಹಂದಿ ಕೇರಿಯ ಕಡೆಗೆ ಹೋಯಿತು, ಅಲ್ಲಿ ಹಬ್ಬವಾಯಿತು. ಊರಿನವರೆಲ್ಲ ಬಂದು ಯಜಮಾನರಿಗೆ ಕೈಮುಗಿದರು. ಮಾವನವರ ಮುಖ ನೋಡಬೇಕಿತ್ತು, ತಾವೇ ಹೊಡೆದಷ್ಟು ಸಂತೋಷ. “ಇದು ನಿಮ್ಮದೇ ಮನೆ. ಯಾವಾಗ್ಲಾದ್ರೂ ಬನ್ನಿ” ಎಂದುಬಿಟ್ಟರು.

ಆ ಮಾತನ್ನು ಯಜಮಾನರು ಇಷ್ಟು ಶ್ರದ್ಧೆಯಿಂದ ಪಾಲಿಸುತ್ತಾರೆಂದು ಯಾರೂ ಎಣಿಸಿರಲಿಲ್ಲ.

ಮರುವಾರ ಬಂದರು. ಹಂದಿ ಸಿಗಲಿಲ್ಲ, ಹೋಗುವಾಗ ಏರಿ ಹತ್ತಿ ಕೆರೆ ನೋಡಿದರು. ಅಲ್ಲಿಗೆ ಹಂದಿಯ ಮಾತು ಮುಗಿಯಿತು. ಅದರ ಮುಂದಿನ ಭಾನುವಾರದಿಂದ ಜೀಪು ಸೀದಾ ನಮ್ಮ ಗದ್ದೆಯ ಬದುವಿನ ಬುಡಕ್ಕೆ ಬಂದು ನಿಲ್ಲುವುದು, ಮೂವರೂ ಪೈರಿನ ನಡುವೆ ಅಡ್ಡ ಹಾಯ್ದು ಏರಿ ಹತ್ತುವುದು, ಆಮೇಲೆ ಢಂ ಢಂ. ಒಂದೊಂದು ಏಟಿಗೂ ಇಡೀ ಕೆರೆಯೇ ಎದ್ದು ಆಕಾಶಕ್ಕೆ ಹೋದ ಹಾಗೆ ಹಕ್ಕಿಗಳು ಹಾರುತ್ತಿದ್ದವು. ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಜಗ್ಗುವುದು. ಹಂದಿ ಒಂದು ರಾತ್ರಿ ಬಂದು ಹಾಳು ಮಾಡಿದ್ದಕ್ಕಿಂತ ಹೆಚ್ಚು ಪೈರನ್ನು ಈ ಮೂವರ ಬೂಟುಗಳು ಒಂದು ತಿಂಗಳಲ್ಲಿ ಮಲಗಿಸಿದವು.

“ಮಗಳ ಮನಿಗೆ ಬರಾಕ ಯಾರನ್ನ ಕೇಳಬೇಕ್ರಿ?” ಎಂದು ಯಜಮಾನರು ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ನಗುತ್ತಿದ್ದರು. ನಾನು ಒಳಗಿನಿಂದ ಕಾಫಿ ಲೋಟ ದಾಟಿಸುತ್ತಿದ್ದೆ. ಹೊರಗೆ ಬಂದು ಮಾತಾಡುವುದು ಹೊಸ ಸೊಸೆಗೆ ಒಪ್ಪುವಂಥದ್ದಲ್ಲ. ಹೊಡೆದ ಹಕ್ಕಿಗಳ ಚೀಲವನ್ನು ಮಾತ್ರ ಅತ್ತೆ ಅಂಗಳಕ್ಕೆ ತರಲು ಬಿಡುತ್ತಿರಲಿಲ್ಲ. ಅದು ಜೀಪಿನಲ್ಲೇ ಉಳಿಯುತ್ತಿತ್ತು.

ಊರಿನ ಹೆಂಗಸರು ನನ್ನನ್ನು ಬಾವಿಕಟ್ಟೆಯಲ್ಲಿ ಆಡಿಕೊಳ್ಳತೊಡಗಿದರು. “ನಿಮ್ಮ ಊರಿನ ಹೆಸರಲ್ಲೇ ಶಿಕಾರಿ ಇದೆಯಲ್ಲ, ಇನ್ನೆಂತ ಆಗ್ತದೆ!” ನಾನೂ ಮೊದಮೊದಲು ನಕ್ಕೆ. ಆಮೇಲೆ ನೀರು ಸೇದುವ ಹೊತ್ತನ್ನೇ ಬದಲಾಯಿಸಿಕೊಂಡೆ.

ಮಾವನವರೇಕೆ ಬೇಡ ಎನ್ನಲಿಲ್ಲ ಎಂದರೆ, ಅವರ ಬಾಯಲ್ಲಿ ಆ ಪದವೇ ಇರಲಿಲ್ಲ. ಒಮ್ಮೆ ಮಳೆಯಲ್ಲಿ ದಾರಿಹೋಕನೊಬ್ಬ ಅವರ ಕೊಡೆ ಕೇಳಿದನಂತೆ. ಇವರು ಕೊಡೆ ಕೊಟ್ಟು, ಅವನ ತಲೆ ಅದಾಗಲೇ ನೆನೆದಿದೆಯೆಂದು ಹೆಗಲ ಮೇಲಿನ ಟವೆಲನ್ನೂ ಕೊಟ್ಟು, ಮನೆಗೆ ತೊಪ್ಪೆಯಾಗಿ ಬಂದಿದ್ದರು. ಊರಲ್ಲಿ ನೇಗಿಲು ಬೇಕಾದವರು, ಎತ್ತು ಬೇಕಾದವರು, ಪಂಚಾಯಿತಿಗೆ ಒಬ್ಬ ಹಿರಿಯರು ಬೇಕಾದವರು ಎಲ್ಲ ನಮ್ಮ ಮನೆಗೇ ಬರುತ್ತಿದ್ದರು. ಆ ಮನುಷ್ಯನಿಗೆ ಬಂದೂಕು ಹಿಡಿದ ಅತಿಥಿಯನ್ನು ಹೊರಗೆ ಹಾಕು ಎಂದರೆ ಹೇಗೆ?

ದೀಪಾವಳಿ ಕಳೆದ ಮೇಲೆ ಅತ್ತೆ ಹಟ ಹಿಡಿದರು. “ಬಾಯಲ್ಲಿ ಹೇಳಕ್ಕೆ ಆಗದಿದ್ರೆ ಬರೆದಾದ್ರೂ ಹಾಕಿ. ಸೊಸೆ ಓದಿದ್ದಾಳಲ್ಲ, ಬರೀತಾಳೆ.”

ನಾನು ಏಳನೆಯ ಇಯತ್ತೆವರೆಗೆ ಓದಿದ್ದೆ, ಅಕ್ಷರ ಗುಂಡಾಗಿದ್ದವು. ಮಾವನವರು ಹಳೆಯ ಬಾಗಿಲಿನ ಹಲಗೆಯೊಂದನ್ನು ತಂದು ಕಣದಲ್ಲಿ ಇಟ್ಟರು. ನನ್ನ ಗಂಡ ಗಾಡಿಯ ಕೀಲೆಣ್ಣೆಗೆ ಮಸಿ ಕಲಸಿ ಕೊಟ್ಟರು. ಬರೆಯಬೇಕಾದದ್ದು ಮೂರು ಮಾತು: ಇಲ್ಲಿ ಶಿಕಾರಿ ಮಾಡಬಾರದು. ನಾನು ಕುಂಚ ಅದ್ದಿ, ‘ಇ’ ಬರೆಯಲು ಬಗ್ಗಿದೆ.

“ತಡಿ ಮಗೂ,” ಎಂದರು ಮಾವ. “ಹಾಗೆ ಮುಖಕ್ಕೆ ಹೊಡದಂಗೆ ಬರೀಬಾರ್ದು. ‘ಮಹನೀಯರೇ’ ಅಂತ ಶುರು ಮಾಡು.”

ಮಹನೀಯರೇ ಎಂದು ಬರೆದೆ. ಅವರು ಕಣದಲ್ಲಿ ಹಿಂದೆ ಮುಂದೆ ನಡೆಯುತ್ತ ಹೇಳುತ್ತ ಹೋದರು. ಈ ಜಮೀನಿನಲ್ಲಿ ಪೈರು ಇರುವುದರಿಂದಲೂ, ಕೆರೆಯಲ್ಲಿ ಹಕ್ಕಿಗಳು ಮರಿ ಮಾಡಿಕೊಂಡಿರುವುದರಿಂದಲೂ, ತಾವು ದಯಮಾಡಿ ಇಲ್ಲಿ ಬಂದೂಕು ಹಾರಿಸದೆ... ಹಲಗೆ ಅರ್ಧ ತುಂಬಿತು. ಮಾವ ನಿಂತು ಯೋಚಿಸಿದರು. ಇಷ್ಟು ದೂರ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. “ಬಿಸಿಲಿನಲ್ಲಿ ದಣಿದಿದ್ದಲ್ಲಿ ಎದುರಿನ ಮನೆಗೆ ಬಂದು ಮಜ್ಜಿಗೆ ಕುಡಿದು ಹೋಗಬೇಕಾಗಿ ವಿನಂತಿ. ಅಷ್ಟು ಸೇರಿಸು.”

“ಜಾಗ ಇಲ್ರೀ.”

“ಸಣ್ಣಕೆ ಬರಿ.”

ಮೇಲಿನ ಸಾಲುಗಳಲ್ಲಿ ಅಕ್ಷರ ಎಮ್ಮೆಯಷ್ಟು, ಕೆಳಗಿನ ಸಾಲುಗಳಲ್ಲಿ ಇರುವೆಯಷ್ಟು. ‘ಹಾರಿಸದೆ’ ಎಂಬ ಮುಖ್ಯ ಪದವೇ ಹಲಗೆಯ ಅಂಚಿಗೆ ಸಿಕ್ಕಿ ‘ದೆ’ ಒಂದು ಕೆಳಗಿಳಿದಿತ್ತು. ನನ್ನ ಗಂಡ ನಗು ತಡೆಯಲಾರದೆ ಎತ್ತಿಗೆ ನೀರು ಕುಡಿಸುವ ನೆಪ ಮಾಡಿ ಎದ್ದುಹೋದರು.

ಆ ಭಾನುವಾರ ಜೀಪು ಬದುವಿನಲ್ಲಿ ನೆಟ್ಟ ಹಲಗೆಯ ಮುಂದೆ ನಿಂತಿತು. ವಕೀಲರು ಇಳಿದು, ಟೋಪಿ ಹಿಂದೆ ಸರಿಸಿ, ಮೇಲಿನಿಂದ ಕೆಳತನಕ ಗಟ್ಟಿಯಾಗಿ ಓದಿದರು. ನಾವು ಕಿಟಕಿಯಿಂದ ನೋಡುತ್ತಿದ್ದೆವು. ಅತ್ತೆಯ ಮುಖದಲ್ಲಿ ಗೆಲುವು. ಮೂವರೂ ಏನೋ ಮಾತಾಡಿಕೊಂಡರು. ಹಲಗೆಯನ್ನು ಬಳಸಿಕೊಂಡು ಎಂದಿನಂತೆ ಏರಿ ಹತ್ತಿದರು, ಎಂದಿನಂತೆ ಢಂ ಎಂದಿತು. ಮಧ್ಯಾಹ್ನ ಬೆವರೊರೆಸಿಕೊಳ್ಳುತ್ತ ಸೀದಾ ನಮ್ಮ ಪಡಸಾಲೆಗೆ ಬಂದರು.

“ಮಜ್ಜಿಗಿ ಐತಂತಲ್ರೀ?” ಎಂದರು ಯಜಮಾನರು. “ಬೋರ್ಡ್ ನೋಡಿದ್ವಿ. ಅಕ್ಷರ ಭಾಳ ಚಂದ ಅದಾವ.”

ಮಾವನವರು ನಿಜವಾಗಿ ಸಂಕೋಚಪಟ್ಟು, “ಕೂತ್ಕಳಿ, ಕೂತ್ಕಳಿ, ತರ್ತಾರೆ” ಎಂದರು. ಅತ್ತೆ ಒಳಗೆ ಮಜ್ಜಿಗೆ ಕಡೆಯುವ ರಭಸಕ್ಕೆ ಮಡಕೆ ಒಡೆಯದೆ ಉಳಿದದ್ದೇ ಹೆಚ್ಚು.

ಕೊಯ್ಲು ಬಂತು. ಆಳು ಸಿಗುವುದೇ ಕಷ್ಟವಾದ ದಿನಗಳು. ಎಲ್ಲರ ಗದ್ದೆಯೂ ಒಟ್ಟಿಗೆ ಹಣ್ಣಾಗುತ್ತದೆ. ಅತ್ತೆ ಕೇರಿ ಕೇರಿ ತಿರುಗಿ ಇಪ್ಪತ್ತು ಹೆಂಗಸರನ್ನು ಒಪ್ಪಿಸಿದ್ದರು. ಅವರ ಮುಂದಾಳು ಒಬ್ಬಳು ಉದ್ದನೆಯ ಹೆಂಗಸು. ಅವಳ ಕುಡುಗೋಲು ಹೋದ ಸಾಲಿನಲ್ಲಿ ಒಂದು ತೆನೆಯೂ ಹಿಂದೆ ಉಳಿಯುತ್ತಿರಲಿಲ್ಲ, ಅವಳ ಬಾಯಿಂದ ಒಂದು ಮಾತೂ ಒಳಗೆ ಉಳಿಯುತ್ತಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ಏರಿಯ ಕೆಳಗಿನ ದೊಡ್ಡ ಗದ್ದೆಯನ್ನು ಹಿಡಿದಿದ್ದರು. ಆಕಾಶದ ಮೂಲೆಯಲ್ಲಿ ಅಕಾಲದ ಮೋಡ ಬೇರೆ ಇತ್ತು. ಸಂಜೆಯೊಳಗೆ ಕೊಯ್ದು, ಹೊರೆ ಕಟ್ಟಿ, ಕಣಕ್ಕೆ ಸಾಗಿಸಬೇಕು ಎಂಬ ಆತುರ ಎಲ್ಲರಿಗೂ.

ಹನ್ನೊಂದರ ಹೊತ್ತಿಗೆ ಏರಿಯ ಮೇಲೆ ಬಂದೂಕು ಸದ್ದು ಮಾಡಿತು. ಮರುಕ್ಷಣ ಗದ್ದೆಯಲ್ಲಿ ಹಣ್ಣು ಭತ್ತದ ಎಲೆಗಳ ಮೇಲೆ ಚಟಪಟ ಚಟಪಟ ಎಂದು ಏನೋ ಸಣ್ಣಗೆ ಉದುರಿತು. ಮಳೆಯೇನೋ ಎಂದು ಕೆಲವರು ತಲೆಯೆತ್ತಿ ನೋಡಿದರಂತೆ. ಉದ್ದನೆಯ ಹೆಂಗಸಿನ ತಲೆಯ ಸಿಂಬಿಯ ಮೇಲೆ ಒಂದು ಸೀಸದ ಚೂರು ಬಿದ್ದು ಉರುಳಿತು. ಅಷ್ಟು ಎತ್ತರ ಹೋಗಿ ಶಕ್ತಿ ಸೋತು ಬಿದ್ದ ಚರೆ, ಯಾರಿಗೂ ಗಾಯವಾಗಲಿಲ್ಲ. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಸೆರಗಿನ ತುದಿಗೆ ಗಂಟುಹಾಕಿಕೊಂಡು, ಕುಡುಗೋಲನ್ನು ಹೆಗಲಿಗೇರಿಸಿ ನಡೆದಳು. ಉಳಿದ ಹತ್ತೊಂಬತ್ತು ಮಂದಿ ಅವಳ ಹಿಂದೆ.

ನಮ್ಮ ಅಂಗಳ ತುಂಬಿತು. ಅವಳು ಗಂಟು ಬಿಚ್ಚಿ ಚರೆಯನ್ನು ಜಗಲಿಯ ಮೇಲೆ ಅತ್ತೆಯ ಮುಂದಿಟ್ಟಳು.

“ಅಮ್ಮಾ, ನಾವು ಭತ್ತ ಕುಯ್ಯಕ್ಕೆ ಬಂದೋರು, ಗುಂಡು ತಿನ್ನಕ್ಕಲ್ಲ. ಅವ್ರು ಹೋಗ್ಲಿ, ನಾವು ಗದ್ದೆಗೆ ಇಳೀತೀವಿ. ಅಲ್ಲೀವರೆಗೆ ಇಲ್ಲೇ ಕೂತಿರ್ತೀವಿ. ಎಲೆ ಅಡಿಕೆ ತಟ್ಟೆ ಈಚೆಗೆ ಕೊಡಿ.”

ಅತ್ತೆ ಮಾವನವರ ಕಡೆಗೆ ತಿರುಗಿದರು. ಮಾವ ತಾವಾಗಿ ಎದ್ದು, ಒಳಗೆ ಹೋಗಿ, ಪೇಟೆಗೆ ಹೋಗುವಾಗ ಹಾಕುವ ಕರಿ ಕೋಟು ಹಾಕಿಕೊಂಡು, ರುಮಾಲು ಸುತ್ತಿಕೊಂಡು ಹೊರಟರು. ಅವರು ಕಣ ದಾಟುವ ಹೊತ್ತಿಗೆ ಅತ್ತೆ ನನ್ನ ಭುಜ ಹಿಡಿದು ಮುಂದಕ್ಕೆ ನೂಕಿದರು.

“ನೀನೂ ಹಿಂದೆ ಹೋಗು. ಇಲ್ದಿದ್ರೆ ಇವ್ರು ಅವ್ರನ್ನ ಊಟಕ್ಕೆ ಕರ್ಕೊಂಡು ಬರ್ತಾರೆ.”

“ನಾನು ಹೋಗಿ ಏನ ಮಾಡ್ಲಿ ಅತ್ತಿ?”

“ನಿಮ್ಮ ಊರಿನವ್ರಲ್ವಾ? ನಿಮ್ಮ ಮಾತಲ್ಲೇ ಏನಾದ್ರೂ ಹೇಳು.”

ನಾನು ಹಿಂದೆಯೇ ಏರಿ ಹತ್ತಿದೆ. ಮೇಲೆ ಹೋಗಿ ನೋಡಿದರೆ ಮಾವನವರು ಅದಾಗಲೇ ಮಾತು ಶುರು ಮಾಡಿದ್ದರು. ಶಿರಾಳಕೊಪ್ಪದ ಕಡೆ ರಸ್ತೆ ಹೇಗಿದೆ, ಈ ಸಲ ಶಿಕಾರಿಪುರದ ಕಡೆ ಮಳೆ ಹೇಗಾಯಿತು, ಗಿರಣಿಗೆ ಹೊಸ ಎಂಜಿನ್ ಬಂತೇ, ಮನೆಯಲ್ಲಿ ಎಲ್ಲ ಆರೋಗ್ಯವೇ? ಯಜಮಾನರು ಬಂದೂಕನ್ನು ಹೆಗಲಿಗೆ ಒರಗಿಸಿಕೊಂಡು ಎಲ್ಲಕ್ಕೂ ಸಂತೋಷವಾಗಿ ಉತ್ತರ ಕೊಡುತ್ತಿದ್ದರು. ಮಾವನವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಹೇಳಬೇಕಾದ ಮಾತು ಗಂಟಲತನಕ ಬಂದು, ಅಲ್ಲಿಂದ ಮತ್ತೆ ರಸ್ತೆ, ಮಳೆ ಎಂದು ಹೊರಳಿಕೊಳ್ಳುತ್ತಿತ್ತು. ಅವರ ಕಷ್ಟ ನೋಡಿ ನನಗೆ ಅಳು ಬಂದ ಹಾಗಾಯಿತು.

ಯಜಮಾನರ ಕಣ್ಣಿಗೆ ನಾನು ಬಿದ್ದೆ. “ಓಹೋ! ಮಗಳ ಬಂದ್ಲು. ಯಾಕವ್ವಾ, ಊಟಕ್ಕ ಕರಿಯಾಕ ಬಂದಿಯೇನು?”

ಅವರ ಕಾಲ ಬಳಿ ಚೀಲ ಇತ್ತು. ಬಾಯಿ ಕಟ್ಟಿರಲಿಲ್ಲ. ಒಂದು ಬೆಳ್ಳಕ್ಕಿಯ ಕತ್ತು ಹೊರಗೆ ಜೋತುಬಿದ್ದಿತ್ತು. ನಾನು ಏನು ಹೇಳಬೇಕೆಂದು ಯೋಚಿಸಿಕೊಂಡು ಬಂದಿರಲಿಲ್ಲ. ಬಾಯಿಗೆ ಬಂದದ್ದು ಬಂತು.

“ಕಾಕಾ, ತವರಿನವ್ರು ಮಗಳ ಊರಿಗೆ ಬಂದ್ರ ಉಡಿ ತುಂಬಿ ಹೋಗ್ತಾರ. ನೀವು ಬಂದಾಗೊಮ್ಮಿ ಚೀಲ ತುಂಬಿಕೊಂಡು ಹೊಂಟೀರಲ್ರೀ.”

ಸೊರಬದವರು ಮಡಿಲು ತುಂಬುವುದು ಎನ್ನುತ್ತಾರೆ. ನಮ್ಮ ಕಡೆ ಉಡಿ. ರವಿಕೆಯ ಖಣ, ಕೊಬ್ಬರಿ, ಅಕ್ಕಿ, ಬೆಲ್ಲ, ಎಲೆ ಅಡಿಕೆ ಮಗಳ ಸೆರಗಿಗೆ ಹಾಕಿ ಹರಸುವುದು. ಮಗಳ ಮನೆ ಎಂದು ಹಕ್ಕಿನಿಂದ ಬರುವವರಿಗೆ ಇರುವ ಒಂದೇ ಕೆಲಸ ಅದು. ಯಜಮಾನರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ನಗು ಮೀಸೆಯ ಕೆಳಗೆ ಹಾಗೇ ನಿಂತುಬಿಟ್ಟಿತು. ನಾನು ಮುಂದುವರಿಸಿದೆ. ಒಮ್ಮೆ ಶುರುವಾದ ಮೇಲೆ ನಿಲ್ಲಿಸುವುದು ನನಗೆ ತಿಳಿಯಲಿಲ್ಲ. ಗದ್ದೆಯಲ್ಲಿ ಹೆಂಗಸರ ತಲೆಯ ಮೇಲೆ ಚರೆ ಬಿದ್ದದ್ದು, ಕೊಯ್ಲು ನಿಂತದ್ದು, ಬಾವಿಕಟ್ಟೆಯಲ್ಲಿ ನನ್ನನ್ನು ಆಡಿಕೊಳ್ಳುವುದು, ಎಲ್ಲ ಹೇಳಿದೆ. ಹೇಳಿ ಮುಗಿಸಿದ ಮೇಲೆ, ಇಷ್ಟು ಹೊತ್ತು ಮಾವನವರ ಎದುರಿಗೆ, ಪರ ಗಂಡಸರ ಎದುರಿಗೆ ತಲೆಯೆತ್ತಿ ಮಾತಾಡಿದ್ದು ನೆನಪಾಗಿ ಮೈಯೆಲ್ಲ ತಣ್ಣಗಾಯಿತು.

ಟೋಪಿಯ ವಕೀಲರು ಮುಂದೆ ಬಂದರು. “ನೋಡಮ್ಮ, ಕೆರೆ ಸರ್ಕಾರದ್ದು. ನಮ್ಮ ಹತ್ರ ಲೈಸೆನ್ಸ್ ಇದೆ. ಬೇಡ ಅನ್ನೋ ಹಕ್ಕು ನಿಮಗಿಲ್ಲ.”

ಆಗ ಮಾವನವರು ಕೆಮ್ಮಿದರು. ರುಮಾಲು ಸರಿಮಾಡಿಕೊಂಡರು. ಮನುಷ್ಯರಿಗೆ ಬೇಡ ಎನ್ನಲು ಬಾರದ ಅವರಿಗೆ ಜಮೀನಿನ ಕಾಗದಪತ್ರಗಳ ಮಾತು ಬಂದರೆ ಬೇರೆಯೇ ಧೈರ್ಯ ಬರುತ್ತಿತ್ತು. ಪಹಣಿ ಅವರಿಗೆ ಬಾಯಿಪಾಠ.

“ಕೆರೆ ಸರ್ಕಾರದ್ದು, ಅದು ಸರಿ,” ಎಂದರು, ಎಂದಿನ ಮೆಲುದನಿಯಲ್ಲೇ. “ಈ ಏರೀನೂ ಸರ್ಕಾರದ್ದು. ಆದ್ರೆ ಆ ಹಳ್ಳದ ಮೂಲೆಯಿಂದ ಈ ಹುಣಸೆಮರದವರೆಗೆ ನಮ್ಮ ಸರ್ವೆ ನಂಬರು. ಆಚೆ ನಮ್ಮ ದಾಯಾದಿಗಳದ್ದು. ಮಧ್ಯೆ ಸರ್ಕಾರಿ ಖರಾಬು ಜಾಗ ಇಲ್ಲ, ಗಾಡಿ ದಾರಿ ಇಲ್ಲ, ನಕ್ಷೆಯಲ್ಲೂ ಇಲ್ಲ. ಸರ್ವೆ ಕಲ್ಲು ತೋರಿಸ್ತೀನಿ, ಬೇಕಾದ್ರೆ ಬನ್ನಿ. ಕೆರೆಗೆ ಬರಕ್ಕೆ ನಿಮಗೆ ಪೂರ್ತಿ ಹಕ್ಕಿದೆ. ಹಾರಿ ಬರ್ಬೇಕಷ್ಟೆ.”

ಅವರು ಅದನ್ನು ಕುಹಕಕ್ಕೆ ಹೇಳಲಿಲ್ಲ. ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಮೇಲೆ ನನ್ನ ಕಡೆ ಕೈ ತೋರಿಸಿ ಯಜಮಾನರಿಗೆ ಅಂದರು: “ಮಗು ಹೇಳಿದ್ದೇ ನನ್ನ ಮಾತೂ. ಎರಡು ತಿಂಗಳಿಂದ ಹೇಳ್ಬೇಕು ಅಂತಿದ್ದೆ, ಆಗಿರ್ಲಿಲ್ಲ.”

ನನ್ನ ಮೈಗೆ ಮತ್ತೆ ಬಿಸಿ ಬಂತು.

ಗಿರಣಿ ಯಜಮಾನರು ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. ತಲೆ ತಗ್ಗಿಸಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೋ ಎಂದು ನಾನು ಹೆದರಿದೆ, ನಗುತ್ತಿದ್ದರು. “ಹಾರಿ ಬರಬೇಕಂತ್ರಿ ವಕೀಲ್ರ! ನಿಮ್ಮ ಕಾಯ್ದೆ ಪುಸ್ತಕದಾಗ ಐತೇನು?” ಎಂದು ಕಣ್ಣೊರೆಸಿಕೊಂಡರು. ಬಂದೂಕಿನಿಂದ ತೋಟಾ ತೆಗೆದು ಜೇಬಿಗೆ ಹಾಕಿದರು. “ತಪ್ಪಾತು ಮಗಳ. ಹಂದಿ ಹೊಡಿಯಾಕ ಬಂದವ ನಾನ ಹಂದಿ ಆದೆ. ನಡಿ, ಆ ಹೆಣ್ಮಕ್ಕಳಿಗೂ ಒಂದ ಮಾತು ಹೇಳಿ ಹೋಗ್ತೀನಿ.”

ವಕೀಲರು ಚೀಲ ಎತ್ತಿಕೊಂಡು ಜೀಪಿಗೆ ಹೋದರು. ಯಜಮಾನರು ನಮ್ಮ ಜೊತೆ ಅಂಗಳಕ್ಕೆ ಬಂದು ಇಪ್ಪತ್ತು ಹೆಂಗಸರ ಮುಂದೆ ನಿಂತು ಕೈಮುಗಿದರು. ಅಷ್ಟಕ್ಕೆ ಮುಗಿಯುತ್ತಿತ್ತು. ಆದರೆ ಉದ್ದನೆಯ ಹೆಂಗಸು ಎಲೆಗೆ ಸುಣ್ಣ ಸವರುತ್ತ, “ಕೈ ಮುಗದ್ರೆ ಭತ್ತ ಕಣಕ್ಕೆ ಬರ್ತದಾ? ನಮ್ಮದು ಒಂದು ತಾಸು ಹೋಯ್ತು. ಮೋಡ ನೋಡಿ. ಆಳು ಕಡಿಮೆ ಬೀಳ್ತದೆ” ಎಂದು ತನ್ನ ಮಡಿಲಿನಲ್ಲಿದ್ದ ಕುಡುಗೋಲನ್ನು ಹಿಡಿ ಮುಂದೆ ಮಾಡಿ ಅವರ ಕಡೆ ಚಾಚಿದಳು.

ಮಾವನವರು ಗಾಬರಿಯಿಂದ, “ಛೆ ಛೆ, ಅವ್ರು ದೊಡ್ಡೋರು” ಎನ್ನುತ್ತಿದ್ದರು. ಯಜಮಾನರು ಕುಡುಗೋಲು ತೆಗೆದುಕೊಂಡೇಬಿಟ್ಟರು.

ಆ ಮಧ್ಯಾಹ್ನವನ್ನು ನಮ್ಮ ಊರಿನವರು ಬಹಳ ವರ್ಷ ಹೇಳಿಕೊಂಡು ನಕ್ಕರು. ಆ ಮನುಷ್ಯ ಹುಟ್ಟಿದಾಗಿನಿಂದ ಭತ್ತದ ನಡುವೆಯೇ ಬೆಳೆದವರು. ಭತ್ತವನ್ನು ಹಲ್ಲಿಗೆ ಕಚ್ಚಿ ನೋಡಿ ತಳಿ ಹೇಳುತ್ತಿದ್ದರು. ಆದರೆ ಬುಡ ಹಿಡಿದು ಕೊಯ್ದವರಲ್ಲ. ಮೊದಲು ತೆನೆಯ ಕೆಳಗೇ ಕತ್ತರಿಸಿದರು. “ಅಯ್ಯೋ, ಹುಲ್ಲು ಯಾರಿಗೆ ಬಿಟ್ರಿ, ದನ ಏನ್ ತಿನ್ಬೇಕು?” ಎಂದು ಹೆಂಗಸರು ಕೂಗಿದರು. ಬಗ್ಗಿ ಬುಡಕ್ಕೆ ಹಾಕಿದರು. ಹೊಟ್ಟೆ ಅಡ್ಡ ಬಂತು. ಕೂತುಕೊಂಡು ಕೊಯ್ದರು; ಹಿಂದಿನ ಸಾಲಿನವಳು ಬಂದು ಮುಟ್ಟಿದಳು. ಎಡಗೈಯ ಬೆರಳಿಗೆ ಸಣ್ಣ ಗೀರು ಬಿತ್ತು, ಯಾರೋ ಸೊಪ್ಪು ಹಿಂಡಿ ಕಟ್ಟಿದರು. ಒಂದು ತಾಸಿನಲ್ಲಿ ಇಪ್ಪತ್ತು ಹೆಂಗಸರೂ ಅವರಿಗೆ ಗುರುಗಳಾಗಿದ್ದರು. ಜೀಪು ಓಡಿಸುವವನು ಹಳ್ಳಿಯ ಹುಡುಗನಾಗಿದ್ದವನಂತೆ, ಹೊರೆ ಕಟ್ಟುವುದರಲ್ಲಿ ನನ್ನ ಗಂಡನಿಗೇ ಸರಿಸಾಟಿಯಾದ. ವಕೀಲರು ಜೀಪಿನಲ್ಲಿ ಟೋಪಿ ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದರು. ಸಂಜೆಗೆ ನಾಲ್ಕು ಹನಿ ಉದುರುವ ಹೊತ್ತಿಗೆ ಕೊನೆಯ ಗಾಡಿ ಕಣಕ್ಕೆ ಬಂದಿತ್ತು.

ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಮಜ್ಜಿಗೆ. ಯಜಮಾನರು ಹೆಂಗಸರ ಪಂಕ್ತಿಯ ತುದಿಯಲ್ಲೇ ಕೂತು ಉಂಡರು. “ನನ್ನ ಗಿರಣ್ಯಾಗ ದಿನಾ ಇಷ್ಟೊಂದು ಭತ್ತ ಹೋಗ್ತೈತಿ, ಇದು ಹಿಂಗ ಬರ್ತೈತಿ ಅಂತ ಗೊತ್ತಿರ್ಲಿಲ್ಲ” ಎಂದು ಬೆನ್ನು ಒತ್ತಿಕೊಂಡರು. ಅತ್ತೆ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಮೂರು ತಿಂಗಳಲ್ಲಿ ಅವರಿಗೆ ಅತ್ತೆ ತಾವಾಗಿ ಬಡಿಸಿದ್ದು ಅದೇ ಮೊದಲು.

ನನ್ನ ಗಂಡ ಅಷ್ಟು ಮಾತಾಡುವವರಲ್ಲ. ಅವತ್ತು ಕೈ ತೊಳೆಯುವಾಗ ಮಾತ್ರ, “ನೀ ಏರಿ ಮೇಲೆ ಮಾತಾಡಿದ್ದು ಗಾಡಿ ಹತ್ರ ಇದ್ದ ನಮಗೂ ಕೇಳ್ತು. ಎತ್ತೂ ನಿಂತು ಕೇಳಿದ್ವು” ಎಂದರು.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಅದೇ ಜೀಪು ಬಂತು. ಊರಿನ ನಾಯಿಗಳೆಲ್ಲ ಬೊಗಳಿದವು. ಇಳಿದದ್ದು ಯಜಮಾನರ ಹೆಂಡತಿ. ಕೈಯಲ್ಲಿ ಇಳಕಲ್ ಸೀರೆ, ಖಣ, ಕೊಬ್ಬರಿ ಬಟ್ಟಲು, ಒಂದು ಬುಟ್ಟಿ ಎಳ್ಳುಬೆಲ್ಲ. ಹಿಂದೆ ಯಜಮಾನರು ಬಂದೂಕಿಲ್ಲದೆ, ಬಿಳಿ ಧೋತರ ಉಟ್ಟು, ಏನು ಮಾಡಬೇಕೆಂದು ತಿಳಿಯದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದರು. ಆ ತಾಯಿ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. “ನಮ್ಮವ್ರು ಮನಿಗೆ ಬಂದು ಹೇಳಿದ್ರವ್ವಾ. ನಾ ಇಪ್ಪತ್ತು ವರ್ಷದಿಂದ ಬ್ಯಾಡ ಬ್ಯಾಡ ಅಂದ್ರ ಕೇಳದವ್ರು, ನಿನ್ನ ಒಂದ ಮಾತಿಗೆ ಕೇಳಿದ್ರು” ಎಂದು ನನ್ನ ಗಲ್ಲ ಹಿಡಿದರು. ಅತ್ತೆ ಅವರಿಗೂ ಮಡಿಲು ತುಂಬಿ ಕಳಿಸಿದರು. ಎರಡೂ ಊರಿನ ಮಾತಿನಲ್ಲಿ ಎರಡೂ ಹೆಂಗಸರು ಸಂಜೆತನಕ ಗಂಡಂದಿರ ದೂರು ಹೇಳಿಕೊಂಡರು.

ಶಿಕಾರಿಯವರು ಈ ಒಬ್ಬರೇ ಆಗಿರಲಿಲ್ಲ. ಸುತ್ತಲಿನ ಪೇಟೆಗಳಿಂದ ಬೇರೆ ಗುಂಪುಗಳೂ ಆಗಾಗ ಬರುತ್ತಿದ್ದವು. ಆದರೆ ಆ ವರ್ಷದ ಮೇಲೆ ನಮ್ಮ ಊರಿಗೆ ಬರುವುದು ಕಡಿಮೆಯಾಯಿತು. ಆ ಊರಿಗೆ ಬಂದೂಕು ಹಿಡಿದು ಹೋದರೆ ಕುಡುಗೋಲು ಕೊಟ್ಟು ಗದ್ದೆಗೆ ಇಳಿಸುತ್ತಾರೆ ಎಂಬ ಸುದ್ದಿ ಹೇಗೋ ಹಬ್ಬಿತ್ತು. ಹಬ್ಬಿಸಿದವರು ವಕೀಲರೇ ಇರಬೇಕೆಂದು ನಮ್ಮ ಅನುಮಾನ. ಅದಕ್ಕಾಗಿ ಅತ್ತೆ ಅವರನ್ನು ಕ್ಷಮಿಸಿದರು.

ಹಂದಿಗಳು ಮಾತ್ರ ಮರುವರ್ಷವೂ ಬಂದವು. ಯಾರ ಮಾತಿಗೂ ಉಡಿಗೂ ಅವು ಬಗ್ಗುವವಲ್ಲ. ನನ್ನ ಗಂಡ ಮತ್ತು ದಾಯಾದಿಗಳು ಸೇರಿ ಹಳ್ಳದ ಬದಿಗೆ ಮುಳ್ಳಿನ ಬೇಲಿ ಹಾಕಿದರು, ಸರದಿಯ ಮೇಲೆ ಕಾವಲು ಕೂತು ಡಬ್ಬ ಬಡಿದರು. ಅರ್ಧ ಪೈರು ಉಳಿಯಿತು, ಅರ್ಧ ಹೋಯಿತು. ಸೊರಬದ ಕಡೆಯ ರೈತನಿಗೆ ಅದು ಹೊಸದೇನಲ್ಲ.

ನನ್ನ ಬದುಕಿನಲ್ಲಿ ಬೇರೊಂದು ಬದಲಾವಣೆಯಾಯಿತು. ಬೇಸಿಗೆಯಲ್ಲಿ ಮಾವನವರಿಗೆ ಖಾತೆಯ ಕೆಲಸದ ಮೇಲೆ ಸೊರಬದ ತಾಲ್ಲೂಕು ಕಚೇರಿಗೆ ಹೋಗಬೇಕಿತ್ತು. ಬೆಳಿಗ್ಗೆ ಕೋಟು ಹಾಕಿಕೊಂಡು ಹೊರಟವರು ಅಂಗಳದಲ್ಲಿ ನಿಂತು, ಅತ್ತೆಗೆ ಕೇಳುವ ಹಾಗೆ, “ಮಗೂನೂ ಬರ್ಲಿ. ಓದಕ್ಕೆ ಬರ್ತದೆ, ಸಹಾಯ ಆಗ್ತದೆ” ಎಂದರು. ಸೊಸೆ ಕಚೇರಿಗೆ ಹೋಗುವುದೆಂದರೆ ಆಗ ಬೀದಿಯೇ ಬಾಗಿಲಿಗೆ ಬಂದು ನೋಡುವ ಸಂಗತಿ. ಅತ್ತೆ ನನಗೆ ಒಳ್ಳೆಯ ಸೀರೆ ಉಡಿಸಿ ಕಳಿಸಿದರು.

ಕಚೇರಿಯಲ್ಲಿ ಗುಮಾಸ್ತರು ಕಾಗದ ಪಕ್ಕಕ್ಕೆ ಸರಿಸಿ, ಮುಂದಿನ ವಾರ ಬನ್ನಿ ಎಂದರು. ಮಾವನವರು ಅವರ ಆರೋಗ್ಯ ವಿಚಾರಿಸಿದರು. ಊರು ಯಾವುದು, ಮಕ್ಕಳೆಷ್ಟು, ಈ ಸೆಕೆಗೆ ಫ್ಯಾನಾದರೂ ಕೊಡಬಾರದೇ ಸರ್ಕಾರ ಎಂದು ಕಳಕಳಿಯಿಂದ ಮಾತಾಡಿದರು. ಹೀಗೆ ಕಾಲು ಗಂಟೆ ಕಳೆದ ಮೇಲೆ ಮೆಲ್ಲಗೆ ಮುಖ ತಿರುಗಿಸಿ ನನ್ನ ಕಡೆ ನೋಡಿದರು. ನಾನು ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

“ಸಾಹೇಬ್ರ, ಮುಂದಿನ ವಾರ ಅಂದ್ರ ಯಾವ ದಿನಾರೀ?” ಎಂದೆ.